ಶಿವದೇವಿ ತೆಳ್ಳಗಾದದ್ದು

ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ರೊಟ್ಟಿ ಶಿವದೇವಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ತೋರಿಸುತ್ತಾರೆ. ರೊಟ್ಟಿ ಬಡಿಯುವ ಸಪ್ಪಳ ಬಂದ ಕಡೆ ಹೋದರಾಯಿತು. ಬೆಳಗಾಗುತ್ತಲೇ ಆಕೆ ಬಡಿಯಲು ಕೂತರೆ, ಪಕ್ಕದ ಮನೆಯ ವಿಜಯಶ್ರೀ ಬಂದು ಬೇಯಿಸಲು ನಿಲ್ಲುತ್ತಾಳೆ. ಮಾದಾಪುರದ ರೂಮುಗಳಲ್ಲಿ ಇರುವ ನಮ್ಮ ಕಡೆಯ ಹುಡುಗರಿಗೆ ಆ ರೊಟ್ಟಿ ಹೋಗುತ್ತದೆ. ಬಿಸಿ ರೊಟ್ಟಿ ಬೇರೆ, ಕಡಕ್ ರೊಟ್ಟಿ ಬೇರೆ, ಜೊತೆಗೆ ಶೇಂಗಾ ಹಿಂಡಿ.

ಹೋದ ವರ್ಷ ಆಕೆಯನ್ನು ನೋಡಿ ಹೋದವರು ಈಗ ಬಂದರೆ ಮನೆ ತಪ್ಪಿದೆವೇನೋ ಎಂದು ಹೊಸ್ತಿಲಲ್ಲೇ ಅನುಮಾನಿಸುತ್ತಾರೆ. ಬಾಗಿಲ ತುಂಬ ಇದ್ದ ಹೆಂಗಸು ಈಗ ಬಾಗಿಲಿನ ಒಂದು ಬದಿಗೆ ನಿಂತು ಇನ್ನೊಬ್ಬರಿಗೆ ದಾರಿ ಬಿಡುವಷ್ಟಾಗಿದ್ದಾಳೆ. ಮಣಿಕಟ್ಟಿನಲ್ಲಿ ಸಿಕ್ಕಿಬಿದ್ದಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈತನಕ ಜಾರುತ್ತವೆ. ರವಿಕೆಯ ಹೊಲಿಗೆಯನ್ನು ಮತ್ತೆ ಮತ್ತೆ ಒಳಗೆ ಹಿಡಿಸಿದ್ದಾಯಿತು. ಓಣಿಯವರು ಮೊದಮೊದಲು ಕೆಟ್ಟ ರೋಗವೇ ಹೊಕ್ಕಿತೆಂದರು. ಒಬ್ಬಾಕೆ ಯಾರೋ ಮಾಟ ಮಾಡಿಸಿಟ್ಟಿದ್ದಾರೆಂದು ನಿಂಬೆಹಣ್ಣು ಮಂತ್ರಿಸಿ ತಂದುಕೊಟ್ಟಳು. ಶಿವದೇವಿ ಎಲ್ಲರಿಗೂ ಒಂದೇ ಮಾತು ಹೇಳಿದಳು: ಸಕ್ಕರೆ ಬಿಟ್ಟೆ, ಅನ್ನ ಬಿಟ್ಟೆ, ರೊಟ್ಟಿ ಬಿಟ್ಟೆ. ಹಗಲೆಲ್ಲ ರೊಟ್ಟಿ ಬಡಿಯುವಾಕೆ ರೊಟ್ಟಿ ಬಿಟ್ಟೆ ಎಂದರೆ ಯಾರು ನಂಬುತ್ತಾರೆ?

"ಅಕ್ಕಾ, ನೀ ಹಿಂಗ ಒಣಗಿದ್ರ ಗಿರಾಕಿ ಓಡಿಹೋಗ್ತಾರ ನೋಡು," ಎಂದು ವಿಜಯಶ್ರೀ ಕಾಡಿಸುತ್ತಿದ್ದಳು. "ಮಾಡಾಕಿನ ತಿನ್ನಲ್ಲ ಅಂದ್ರ ಹಿಟ್ಟಿನ್ಯಾಗ ಏನೈತೋ ಅಂತಾರ."

"ನಿನ್ನ ನಿಲ್ಲಸ್ತೀನಿ ಬಾಗಲಾಗ. ನಿನ್ನ ನೋಡಿ ತೊಗೊಂಡು ಹೋಗ್ಲಿ," ಎಂದು ಶಿವದೇವಿ ಉತ್ತರ ಕೊಡುತ್ತಿದ್ದಳು. ವಿಜಯಶ್ರೀ ನಗುತ್ತಿದ್ದಳು, ಆಕೆಯೂ ಸ್ವಲ್ಪ ದುಂಡಗೇ ಇದ್ದಾಳೆ.

ಆದರೆ ಯಾರಾದರೂ ಮನಸಾರೆ, ಭಾಳ ಛಲೋ ಆತಲ್ಲ ಅಕ್ಕಾ ಎಂದರೆ ಶಿವದೇವಿ ತಲೆ ಬಗ್ಗಿಸಿ ಹಿಟ್ಟು ನಾದತೊಡಗುತ್ತಾಳೆ. ಹುಟ್ಟಿದಾಗಿನಿಂದ ಹೊತ್ತ ಭಾರ ಇಳಿದಿತ್ತು, ನಿಜ. ಇಳಿದ ಮೇಲೆ ಅದರ ಅಡಿಯಲ್ಲಿ ಇದ್ದದ್ದು ಕಣ್ಣಿಗೆ ಬಿತ್ತು. ಅದು ಮಗಳು ಭವಾನಿಯ ಸಂಗತಿ.

ಭವಾನಿ ಶಿವದೇವಿಗೆ ಒಬ್ಬಳೇ ಮಗಳು. ಮದುವೆಯಾಗಿ ಬೇಗಂಪೇಟೆಯಲ್ಲಿದ್ದಾಳೆ, ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸ. ಗಂಡ ನಿಶಾಂತ ಬೀದರ ಕಡೆಯವನು, ಲಿಫ್ಟ್ ರಿಪೇರಿ ಮಾಡುತ್ತಾನೆ. ಲೋಕಲ್ ರೈಲು ಹತ್ತಿದರೆ ತವರು ದೂರವೇನಲ್ಲ. ಹಬ್ಬಕ್ಕೆ ಬರುತ್ತಾಳೆ, ತಂದೆಯ ಕೂಡ ಮಾತಾಡುತ್ತಾಳೆ, ವಿಜಯಶ್ರೀಯ ಕೂಡ ನಗುತ್ತಾಳೆ. ತಟ್ಟೆ ಇಟ್ಟರೆ ಮಾತ್ರ, ಉಂಡೇ ಬಂದೀನವ್ವಾ ಎನ್ನುತ್ತಾಳೆ. ಮದುವೆಯಾಗಿ ಹೋದ ಮೇಲೆ ತವರಿನಲ್ಲಿ ಒಂದು ತುತ್ತು ಬಾಯಿಗೆ ಇಟ್ಟವಳಲ್ಲ. ಅಳಿಯ ಹೊಟ್ಟೆ ತುಂಬ ಉಂಡು ಅತ್ತೆಯ ಕೈಗುಣ ಹೊಗಳುತ್ತಾನೆ, ಭವಾನಿ ಪಕ್ಕದಲ್ಲಿ ನೀರಿನ ಲೋಟ ಹಿಡಿದು ಕೂತಿರುತ್ತಾಳೆ. ಊರ ಮಂದಿಗೆಲ್ಲ ರೊಟ್ಟಿ ಬಡಿಯುವ ಕೈಗೆ ಹೊಟ್ಟೆಯಲ್ಲಿ ಹುಟ್ಟಿದವಳು ತನ್ನೆದುರು ಕೂತು ಉಣ್ಣುವುದನ್ನು ಒಂದು ಸಲ ನೋಡಬೇಕು ಎಂಬ ಆಸೆ ಬಿಟ್ಟರೆ ಬೇರೆ ದೊಡ್ಡ ಆಸೆ ಇರಲಿಲ್ಲ.

ಏಕೆ ಉಣ್ಣುವುದಿಲ್ಲ ಎಂಬುದು ಶಿವದೇವಿಗೆ ಗೊತ್ತಿತ್ತು. ಗೊತ್ತಿದ್ದೂ ಬಹಳ ವರ್ಷ ಅದನ್ನು ಮಗಳ ಹಟ ಎಂದು ಕರೆದಳು.

ಶಿವದೇವಿ ಚಿಕ್ಕಂದಿನಿಂದ ದಪ್ಪ. ಶಹಾಪುರದ ಕಡೆಯ ಹಳ್ಳಿಯಲ್ಲಿ ಅಪ್ಪ ಆಕೆಯನ್ನು ಪ್ರೀತಿಯಿಂದ ಗುಡಾಣ ಎಂದು ಕರೆಯುತ್ತಿದ್ದ. ಅಪ್ಪನ ಬಾಯಲ್ಲಿ ಪ್ರೀತಿಯಾಗಿದ್ದ ಮಾತು ಮಂದಿಯ ಬಾಯಿಗೆ ಬಂದಾಗ ಬೇರೆಯಾಯಿತು. ಗೊಲ್ಲಾಳಪ್ಪನ ಕೈ ಹಿಡಿದು ಹೈದರಾಬಾದಿಗೆ ಬಂದಾಗ ಮಾದಾಪುರದಲ್ಲಿ ಇನ್ನೂ ಬಂಡೆ ಒಡೆದು ಕಟ್ಟಡ ಎಬ್ಬಿಸುತ್ತಿದ್ದರು. ಗೊಲ್ಲಾಳಪ್ಪ ಗಾರೆ ಕೆಲಸ, ಆಕೆಯೂ ಅತ್ತೆ ಹುಸೇನಮ್ಮಳೂ ಬುಟ್ಟಿ ಹೊರುವ ಕೆಲಸ. ದಿನವಿಡೀ ಮಣ್ಣು, ಸಿಮೆಂಟು ಹೊತ್ತು ಮಂದಿಯೆಲ್ಲ ಸೊರಗಿ ಕಡ್ಡಿಯಾಗುತ್ತಿದ್ದರು. ಶಿವದೇವಿ ಮಾತ್ರ ಇದ್ದಂತೆಯೇ ಇದ್ದಳು, ಇನ್ನೂ ಒಂದಿಷ್ಟು ಸೇರಿಸಿಕೊಂಡಳು.

"ಎಲ್ಲಾರ ಮೈ ಬಿಸಲಿಗೆ ಕರಗತೈತಿ, ನನ್ನ ಸೊಸಿ ಮೈ ಬಿಸಲಿಗೆ ಉಬ್ಬತೈತಿ," ಎಂದು ಹುಸೇನಮ್ಮ ಹೆಂಗಸರ ನಡುವೆ ಹೇಳಿ ನಗಿಸುತ್ತಿದ್ದಳು. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ. ಎಲ್ಲರೆದುರು ಒಂದೂವರೆ ರೊಟ್ಟಿ ತಿಂದು ಇಷ್ಟು ಮೈ ಬರುತ್ತದೆಯೇ, ಹಿಂದಿನಿಂದ ಕದ್ದು ತಿನ್ನುತ್ತಾಳೆ ಎಂದು ಮಗನಿಗೆ ಹೇಳುತ್ತಿದ್ದಳು. ಗೊಲ್ಲಾಳಪ್ಪ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಹೆಂಡತಿ ದಪ್ಪಗಿದ್ದರೆ ಅವನಿಗೇನೂ ಬೇಸರವಿರಲಿಲ್ಲ, ಅವ್ವನ ಎದುರು ಮಾತಾಡುವ ಧೈರ್ಯ ಇರಲಿಲ್ಲ ಅಷ್ಟೆ.

ಶಿವದೇವಿ ತನ್ನ ಮೈಯನ್ನು ಇಳಿಸಲು ತನಗೆ ತಿಳಿದ ದಾರಿ ಹಿಡಿದಳು. ದೇವರ ದಾರಿ. ಸೋಮವಾರ ಉಪವಾಸ, ಗುರುವಾರ ಉಪವಾಸ, ಏಕಾದಶಿ ಬಂದರೆ ಅದೂ. ಉಪವಾಸವೆಂದರೆ ರೊಟ್ಟಿ, ಅನ್ನ ಮುಟ್ಟುವಂತಿಲ್ಲ. ಸಾಬುದಾಣಿ ಖಿಚಡಿ ನಡೆಯುತ್ತದೆ, ಬೇಯಿಸಿದ ಗೆಣಸು ನಡೆಯುತ್ತದೆ, ಆಲೂಗಡ್ಡೆ, ಬಾಳೆಹಣ್ಣು, ಖರ್ಜೂರ ನಡೆಯುತ್ತವೆ. ಇವೆಲ್ಲ ದೇವರಿಗೆ ಆಗುವ ಪದಾರ್ಥ. ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಸಕ್ಕರೆ ಹೆಚ್ಚಾಗಿ ಹಾಕಿದ ಚಹಾ. ಹೀಗೆ ವರ್ಷಗಟ್ಟಲೆ ಉಪವಾಸ ಮಾಡಿ ಮಾಡಿ ಆಕೆ ಇನ್ನೂ ದಪ್ಪಗಾದಳು. ಉಪವಾಸದ ದಿನ ಸಂಜೆಯ ಹೊತ್ತಿಗೆ ಬರುತ್ತಿದ್ದ ಹಸಿವು ಸಾಮಾನ್ಯದ್ದಲ್ಲ. ಕೈ ನಡುಗುತ್ತಿತ್ತು, ಬಾಯಿ ಏನೋ ಬೇಡುತ್ತಿತ್ತು. ಆಗ ಡಬ್ಬಿಯಲ್ಲಿನ ಬೆಲ್ಲದ ಚೂರು ಬಾಯಿಗೆ ಹೋಗುತ್ತಿತ್ತು. ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಬೆಲ್ಲದ ಚೂರಿಗಾಗಿ ಶಿವದೇವಿ ತನ್ನನ್ನು ತಾನೇ ಹೀನವೆಂದು ತಿಳಿದಳು. ನಾಲಿಗೆಯ ಮೇಲೆ ಹಿಡಿತವಿಲ್ಲದ ಹೆಣ್ಣು, ದೇವರೆದುರು ಸುಳ್ಳು ವ್ರತ ಮಾಡುವ ಹೆಣ್ಣು ಎಂದು.

ಭವಾನಿ ಹುಟ್ಟಿ, ಬೆಳೆದು, ತಾಯಿಯ ಮೈಯನ್ನೇ ತಂದಾಗ ಶಿವದೇವಿಗೆ ಹೆದರಿಕೆಯಾಯಿತು. ಹುಡುಗಿ ತನ್ನ ಹಾಗೆಯೇ ಮಂದಿಯ ಚುಚ್ಚುಮಾತು ಕೇಳಬೇಕಲ್ಲ, ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಗೆ ಹೆದರಿಕೆ ಸೇರಿದರೆ ಅದು ಕಾವಲುಗಾರನ ಕೆಲಸವಾಗುತ್ತದೆ. ಶಿವದೇವಿ ಕಪಾಟಿಗೆ ಬೀಗ ಹಾಕಿದಳು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶಾಲೆಗೆ ಹೋಗುವ ಹುಡುಗಿಯ ಮೇಲೆ ಸೋಮವಾರದ ವ್ರತ ಹೊರಿಸಿದಳು, ಒಳ್ಳೆಯ ಗಂಡ ಸಿಗುತ್ತಾನೆಂದು. ಅದೇ ಸಾಬುದಾಣಿ, ಅದೇ ಗೆಣಸು, ಅದೇ ಚಹಾ. ಮಗಳು ಶಾಲೆಯಿಂದ ಬಂದರೆ ಚೀಲ ಇಳಿಸುವ ಮೊದಲೇ ಹತ್ತಿರ ಕರೆದು, ಗದ್ದ ಹಿಡಿದೆತ್ತಿ, ಬಾಯಿ ಮೂಸಿ ನೋಡುತ್ತಿದ್ದಳು. ಮಿಠಾಯಿಯ ವಾಸನೆ ಬಂದರೆ ಬೆನ್ನಿಗೆ ಬೀಳುತ್ತಿತ್ತು.

ಒಂದು ನಾಗರ ಪಂಚಮಿಗೆ ಊರಿಂದ ನಂಟರು ಬಂದಿದ್ದರು. ಭವಾನಿ ಆಗ ಒಂಬತ್ತನೆಯ ಇಯತ್ತೆ, ಮೈನೆರೆದ ಹುಡುಗಿ. ಹಬ್ಬಕ್ಕೆ ಕಟ್ಟಿಟ್ಟ ಶೇಂಗಾ ಉಂಡಿ ಡಬ್ಬಿಯಲ್ಲಿ ಕಡಿಮೆಯಾಗಿದ್ದವು. ಹುಸೇನಮ್ಮ ಮೊಮ್ಮಗಳ ಕಡೆ ನೋಡಿದಳು. ಆ ನೋಟ ಸಾಕಾಯಿತು. ತನ್ನ ಮೇಲೆ ಇಷ್ಟು ವರ್ಷ ಬಿದ್ದ ಮಾತು ಈಗ ಮಗಳ ಮೇಲೆ ಬೀಳುತ್ತದೆ, ಬೀಳುವ ಮೊದಲು ತಾನೇ ನಿವಾಳಿಸಿ ಹಾಕಬೇಕು ಎಂಬಂತೆ ಶಿವದೇವಿ ಎದ್ದಳು. ಮಂದಿಯ ನಡುವೆ ಮಗಳನ್ನು ನಿಲ್ಲಿಸಿ, ಬಾಯಿ ತೆಗಿ ಅಂದಳು. ಮೂಸಿದಳು. ಹಲ್ಲಿನ ಸಂದಿಯಲ್ಲಿ ಶೇಂಗಾ ಕಂಡಿತು. ಯಾರೋ ಮಾವನಾಗಬೇಕಾದವನು, ಮೂಗಿದ್ದರ ಹಿಂಗಿರಬೇಕು, ಪೊಲೀಸರಿಗೆ ಬೇಕಾಗೈತಿ ಎಂದು ನಗೆಯಾಡಿದ. ಎಲ್ಲರೂ ನಕ್ಕರು. ಭವಾನಿ ಬಾಯಿ ತೆರೆದುಕೊಂಡೇ ನಿಂತಿದ್ದಳು, ಮುಚ್ಚು ಎಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ತಾಯಿಯ ಎದುರು ಉಣ್ಣುವುದನ್ನು ಆಕೆ ಕಡಿಮೆ ಮಾಡಿದಳು. ಮದುವೆಯಾದ ಮೇಲೆ ಪೂರ್ತಿ ನಿಲ್ಲಿಸಿದಳು. ಶಿವದೇವಿ ಹೆದರಿದ್ದಂತೆ ಏನೂ ಆಗಲಿಲ್ಲ. ನಿಶಾಂತ ಕನ್ಯೆ ನೋಡಲು ಬಂದವನು ಹುಡುಗಿಯ ಮೈ ನೋಡಲೇ ಇಲ್ಲ, ಆಕೆ ಮಾತಿಗೆ ಮಾತು ಕೊಡುವುದನ್ನು ಕಂಡು ಒಪ್ಪಿದ. ಹುಸೇನಮ್ಮ ಮೊಮ್ಮಗಳ ಮದುವೆ ನೋಡಿ, ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ಹೋದ ವರ್ಷ ಶಿವದೇವಿ ಮೊಣಕಾಲು ಬಾತುಕೊಂಡು, ಕೂತರೆ ಏಳಲಾಗದೆ, ಎದ್ದರೆ ಕೂರಲಾಗದೆ ಒದ್ದಾಡಿದಳು. ಓಣಿಯ ದವಾಖಾನೆಯಲ್ಲಿ ಸಂಯುಕ್ತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ರಕ್ತ ನೋಡಿ, ಸಕ್ಕರೆ ರೋಗ ಬಾಗಿಲಿಗೆ ಬಂದು ನಿಂತಿದೆ ಎಂದರು. ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಬೆಳಗಿನಿಂದ ಸಂಜೆಯತನಕ ಏನೇನು ತಿನ್ನುತ್ತೀರಿ ಹೇಳಿ ಎಂದು ಕೂರಿಸಿಕೊಂಡರು. ಶಿವದೇವಿ ಎಲ್ಲ ಹೇಳಿ ಕೊನೆಗೆ, ವಾರದಲ್ಲಿ ಎರಡು ದಿನ ಉಪವಾಸ ಬೇರೆ ಮಾಡುತ್ತೇನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದಳು. ಉಪವಾಸಕ್ಕೆ ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಕೇಳಿಸಿಕೊಂಡ ಮೇಲೆ, ಅಮ್ಮಾ ಇದಕ್ಕೆ ಉಪವಾಸ ಅನ್ನಬೇಡಿ, ಬೇರೆ ಏನಾದರೂ ಹೆಸರಿಡಿ ಎಂದರು. ಸಾಬುದಾಣಿ, ಗೆಣಸು, ಸಕ್ಕರೆ ಇವು ಒಣ ಎಲೆಯ ಬೆಂಕಿಯಂತೆ, ಭಗ್ಗೆಂದು ಉರಿದು ಆರುತ್ತವೆ, ಆರಿದ ಕೂಡಲೇ ಹೊಟ್ಟೆ ಮತ್ತೆ ಕೇಳುತ್ತದೆ ಎಂದು ತಿಳಿಹೇಳಿದರು. ಸಕ್ಕರೆ ಬೆಲ್ಲ ಪೂರ್ತಿ ಬಿಡಿ, ಅನ್ನ ರೊಟ್ಟಿ ಆದಷ್ಟು ಬಿಡಿ, ಮೊಟ್ಟೆ, ಕೋಳಿ, ಸೊಪ್ಪು, ಮೊಳಕೆ ಕಾಳು, ಮಜ್ಜಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಿ ಎಂದರು.

ಬಿಡುವುದು ಸುಲಭವಾಗಲಿಲ್ಲ. ಪುಂಡಿಪಲ್ಯವನ್ನು ರೊಟ್ಟಿಯಿಲ್ಲದೆ ಚಮಚದಲ್ಲಿ ತಿನ್ನುವಾಗ ಆಕೆಗೆ ಮನೆಯಲ್ಲಿ ಯಾರೋ ತೀರಿಹೋದಂತೆ ಅನಿಸಿತು. ತಲೆ ಸಿಡಿಯಿತು, ಗಂಡನ ಮೇಲೆ, ವಿಜಯಶ್ರೀಯ ಮೇಲೆ ಹರಿಹಾಯ್ದಳು. ನಂಟರ ಮನೆಗೆ ಹೋಗಿ ಸಕ್ಕರೆ ಇಲ್ಲದ ಚಹಾ ಕೇಳಿದರೆ, ನಮ್ಮ ಮನ್ಯಾಗ ಸಕ್ರಿ ಇಲ್ಲಂತ ತಿಳಿದಿಯೇನ ಎಂದು ಅವರು ಮುಖ ಕೆಡಿಸಿಕೊಂಡರು. ಹೀಗೇ ಕೆಲವು ವಾರ ಹೋದ ಮೇಲೆ ಒಂದು ಬೆಳಿಗ್ಗೆ, ಬಿಸಿ ರೊಟ್ಟಿಯ ಅಟ್ಟಿ ಎದುರಿಗಿದ್ದರೂ ತನಗೆ ತಿನ್ನಬೇಕೆಂಬ ನೆನಪೇ ಬಂದಿಲ್ಲ ಎಂಬುದು ಆಕೆಯ ಗಮನಕ್ಕೆ ಬಂತು. ಹುಟ್ಟಿದಾಗಿನಿಂದ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದುದು ನಿಂತಂತೆ ಹಸಿವು ಸುಮ್ಮನಾಗಿತ್ತು. ಮೈ ಇಳಿಯತೊಡಗಿದ್ದು ಆಮೇಲೆ.

ಸಂಕ್ರಾಂತಿಯ ಹೊತ್ತಿಗೆ ಬಳೆ ಜಾರುವಷ್ಟಾಗಿದ್ದಳು. ಮೈಯ ಜೊತೆ ತಲೆಯೂ ಹಗುರಾಗಿತ್ತು. ಕಂಡವರಿಗೆಲ್ಲ ಅದೇ ಮಾತು, ಅದೇ ಬೋಧೆ. ಹಬ್ಬದ ಮಧ್ಯಾಹ್ನ ಭವಾನಿ, ನಿಶಾಂತ ಬಂದರು. ಭವಾನಿಯ ಕೈಯಲ್ಲಿ ಸ್ಟೀಲಿನ ಸಣ್ಣ ಡಬ್ಬಿ. ಅದರಲ್ಲಿ ಕುಸುರೆಳ್ಳು. ಬೀದರದ ಅತ್ತೆಯಿಂದ ಕಲಿತು ತಾನೇ ಮಾಡಿದ್ದಳು. ಕುಸುರೆಳ್ಳು ಮಾಡುವುದೆಂದರೆ ಆಟವಲ್ಲ. ಸಣ್ಣ ಉರಿಯ ಮೇಲೆ ಎಳ್ಳು ಇಟ್ಟು, ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡುತ್ತ, ಬೆರಳ ತುದಿಯಲ್ಲಿ ಆಡಿಸುತ್ತ, ಒಂದೊಂದು ಕಾಳಿಗೂ ಬಿಳಿ ಮುಳ್ಳು ಏಳುವ ತನಕ ದಿನಗಟ್ಟಲೆ ಕೂರಬೇಕು. ಅಂಗಡಿಯಲ್ಲಿ ಕೊಂಡರೆ ಸುಲಭ. ಭವಾನಿ ಕೊಂಡಿರಲಿಲ್ಲ.

ನಮ್ಮ ಕಡೆ ಸಂಕ್ರಾಂತಿಯ ಎಳ್ಳನ್ನು ಯಾರೂ ಬೇಡವೆನ್ನುವುದಿಲ್ಲ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬಂದು ಕೈಯಲ್ಲಿ ಎಳ್ಳು ಹಾಕಿ, ಹಿಂದಿನದು ಮರೆತು ಚೆಂದಾಗಿರೋಣ ಎನ್ನುತ್ತಾರೆ. ಸಕ್ಕರೆ ರೋಗದವರೂ ಒಂದು ಕಾಳು ತೆಗೆದುಕೊಂಡು, ಕಣ್ಣಿಗೊತ್ತಿ, ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಕೈ ಚಾಚಿದರೆ ಕೈ ಒಡ್ಡಬೇಕು, ಅಷ್ಟೇ ಅದರ ರೀತಿ.

ಭವಾನಿ ತಾಯಿಯ ಕಾಲು ಮುಟ್ಟಿ, ಬೊಗಸೆಯಲ್ಲಿ ಕುಸುರೆಳ್ಳು ಹಿಡಿದು ನಿಂತಳು. "ತೊಗೋ ಅವ್ವಾ. ನಾ ಮಾಡೀನಿ," ಎಂದಳು.

ಶಿವದೇವಿ ಕೈ ಹಿಂದಕ್ಕೆ ಎಳೆದುಕೊಂಡಳು. ಬಳೆ ಮೊಣಕೈತನಕ ಜಾರಿಸಿ ತೋರಿಸಿದಳು. "ಒಂದು ಕಾಳೂ ಮುಟ್ಟಾಂಗಿಲ್ಲ ನಾ. ನೀನೂ ಬಿಡವ್ವಾ ಇದನ್ನ. ನೋಡು ನಾ ಹ್ಯಾಂಗಾದೆ. ನಿನ್ನ ವಯಸ್ಸಿಗೆ ಇನ್ನೂ ಲಗೂನ ಇಳೀತಿ," ಎಂದಳು.

ಭವಾನಿ ಬೊಗಸೆಯನ್ನು ನಿಧಾನಕ್ಕೆ ಡಬ್ಬಿಯ ಮೇಲೆ ಬಗ್ಗಿಸಿದಳು. ಒಂದು ಕಾಳೂ ಕೆಳಗೆ ಬೀಳದ ಹಾಗೆ. "ಹೂಂ ಅವ್ವಾ," ಎಂದಳು. ಗೊಲ್ಲಾಳಪ್ಪ ಎದ್ದು ಬಂದು ಮಗಳ ಎದುರು ಎರಡೂ ಕೈ ಒಡ್ಡಿದ, ತಿಂದ, ಭಾಳ ಛಲೋ ಆಗ್ಯಾವ ಎಂದ. ಬಿಸಿಲು ಇಳಿಯುವ ಮೊದಲೇ ಮಗಳು ಅಳಿಯ ಹೊರಟುಹೋದರು. ಆಮೇಲೆ ಶಿವದೇವಿ ಫೋನು ಮಾಡಿದಾಗಲೆಲ್ಲ ನಿಶಾಂತನೇ ಎತ್ತಿ, ಅಕಿ ಕೆಲಸದಾಗ ಅದಾಳ್ರಿ ಅತ್ತಿ ಎನ್ನತೊಡಗಿದ.

ತಾನು ಕೆಟ್ಟದ್ದೇನು ಹೇಳಿದೆ ಎಂದು ಶಿವದೇವಿಗೆ ತಿಳಿಯಲಿಲ್ಲ. ಮಗಳೂ ಹಗುರಾಗಲಿ ಎಂದಳಷ್ಟೆ. ಗಂಡನೆದುರು ಅದನ್ನೇ ಅಂದಾಗ, ಅವ್ವನ ಎದುರು ಒಂದು ದಿನವೂ ಮಾತಾಡದ ಗೊಲ್ಲಾಳಪ್ಪ ಅಂದು ಮಾತಾಡಿದ.

"ಇಷ್ಟು ವರ್ಷದ ಮ್ಯಾಲ ಹುಡುಗಿ ತಾನಾಗಿ ಕೈ ಚಾಚಿತ್ತು. ನಿನಗ ನಿನ್ನ ಬಳಿ ತೋರ್ಸೂದ ದೊಡ್ಡದಾತು."

ಶಿವದೇವಿ ಆ ದಿನ ಅವನ ಮೇಲೆ ಸಿಟ್ಟಾದಳು. ಮಾತು ಒಳಗೆ ಇಳಿಯಲು ಶಿವರಾತ್ರಿ ಬರಬೇಕಾಯಿತು.

ಶಿವರಾತ್ರಿಯ ಉಪವಾಸವನ್ನು ಆಕೆ ಬಿಟ್ಟವಳಲ್ಲ. ಡಾಕ್ಟರ ಮಾತು ಡಾಕ್ಟರಿಗೆ, ದೇವರ ಮಾತು ದೇವರಿಗೆ ಎಂದು ಅಂದೊಂದು ದಿನ ಹಳೆಯ ಪದ್ಧತಿಗೆ ಇಳಿದಳು. ಬೆಳಿಗ್ಗೆ ಸಾಬುದಾಣಿ ಖಿಚಡಿ, ಗೆಣಸು, ಎರಡು ಬಾಳೆಹಣ್ಣು, ವಿಜಯಶ್ರೀ ತಂದುಕೊಟ್ಟ ಸಿಹಿ ಚಹಾ. ಮಧ್ಯಾಹ್ನ ಕಳೆಯುವುದರೊಳಗೆ ಅದು ಬಂತು. ತಿಂಗಳುಗಟ್ಟಲೆ ಮರೆತೇಹೋಗಿದ್ದ ಆ ಹಸಿವು. ಕೈ ನಡುಗಿತು, ಬಾಯಿ ಬೇಡಿತು, ತಲೆಯಲ್ಲಿ ಬೇರೆ ವಿಚಾರ ನಿಲ್ಲದಾಯಿತು. ಗೊಲ್ಲಾಳಪ್ಪ ಗುಡಿಗೆ ಹೋಗಿದ್ದ. ಆಕೆ ಅಡುಗೆಮನೆಗೆ ಹೋದದ್ದೂ, ಡಬ್ಬಿ ತೆಗೆದದ್ದೂ ತಿಳಿಯಲಿಲ್ಲ. ಬೆಲ್ಲ ಬಾಯಲ್ಲಿತ್ತು. ಮನೆಯಲ್ಲಿ ಯಾರೂ ಇಲ್ಲ, ಕೇಳುವ ಅತ್ತೆ ಸತ್ತು ವರ್ಷಗಳಾದವು, ಆದರೂ ಬಾಗಿಲ ಮರೆಗೆ ನಿಂತು ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿದ್ದಳು. ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ವಾಸನೆ ಹೋಗಲೆಂದು ನಲ್ಲಿಗೆ ಬಾಯಿ ಒಡ್ಡಿ ಮುಕ್ಕಳಿಸಿದಳು.

ನೀರು ಬಾಯಲ್ಲಿದ್ದಾಗಲೇ ನೆನಪಾಯಿತು. ಶಾಲೆಯಿಂದ ಬಂದ ಭವಾನಿ ಒಳಗೆ ಬರುವ ಮೊದಲು ಓಣಿಯ ನಲ್ಲಿಯ ಬಳಿ ನಿಂತು ಬಾಯಿ ತೊಳೆದುಕೊಳ್ಳುತ್ತಿದ್ದಳು. ತುಟಿ ಒದ್ದೆ, ಗದ್ದ ಒದ್ದೆ, ಯೂನಿಫಾರ್ಮಿನ ಎದೆಯ ಮೇಲೆ ಹನಿ. ಒದ್ದೆ ತುಟಿ ಕಂಡರೆ ಸಾಕು, ಕದ್ದು ತಿಂದಿದ್ದಾಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ ಎಂದು ತಾಯಿ ಅನ್ನುತ್ತಿದ್ದಳು.

ಶಿವದೇವಿ ನಲ್ಲಿ ನಿಲ್ಲಿಸುವುದನ್ನೂ ಮರೆತಳು. ಹುಡುಗಿಗೆ ಈ ಹಸಿವು ಎಲ್ಲಿಂದ ಬಂದಿತ್ತು? ಸೋಮವಾರ ಸೋಮವಾರ ತಾನೇ ಬಟ್ಟಲಲ್ಲಿ ಹಾಕಿ ಕೊಟ್ಟದ್ದು ಅದು. ಕೈಯಾರೆ ಹಸಿವು ಬಡಿಸಿ, ಅದೇ ಹಸಿವಿಗಾಗಿ ಬಡಿದಿದ್ದಳು.

ಆ ಭಾನುವಾರ ಲೋಕಲ್ ರೈಲು ಹತ್ತಿ ಬೇಗಂಪೇಟೆಗೆ ಹೋದಳು. ಹೋದಾಗಲೆಲ್ಲ ರೊಟ್ಟಿಯ ಗಂಟು ಇರುತ್ತಿತ್ತು. ಈ ಸಲ ಖಾಲಿ ಕೈ. ಹಳೆಯ ವಿಮಾನ ನಿಲ್ದಾಣದ ಗೋಡೆಯಿಂದ ಸ್ವಲ್ಪ ಒಳಗೆ, ಮೇಲಿನ ಮಾಳಿಗೆಯಲ್ಲಿ ಮಗಳ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯಲಿಲ್ಲ, ಅದಕ್ಕೂ ಆಕೆಗೆ ನಾಚಿಕೆಯಾಯಿತು. ಬಾಗಿಲು ತೆರೆದ ನಿಶಾಂತ, ಒಳಗಿನ ಹವಾ ತಿಳಿದವನಂತೆ, ಮೊಸರು ತರ್ತೀನ್ರಿ ಅತ್ತಿ ಎಂದು ಚಪ್ಪಲಿ ಮೆಟ್ಟಿ ಇಳಿದುಹೋದ.

ಭವಾನಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಶಿವದೇವಿ ಎದುರಿಗೆ ಕೂತು ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡಳು. ರೈಲಿನಲ್ಲಿ ಕೂಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಗಿತ್ತು.

"ನಿನ್ನ ಬಾಯಿ ಮೂಸಿ ನೋಡ್ತಿದ್ನೆಲ್ಲ," ಎಂದಳು. "ಅದು ತಪ್ಪಾತು."

ಭವಾನಿಯ ಬೆರಳು ನಿಲ್ಲಲಿಲ್ಲ. "ನಾ ತಿಂತಿದ್ದೆ ಅವ್ವಾ. ನೀ ಸುಳ್ಳು ಹೇಳಲಿಲ್ಲ. ಖರೇನ ತಿಂತಿದ್ದೆ."

"ಹಸದು ತಿಂತಿದ್ದಿ. ಆ ಹಸಿವಿ ನಾ ಹಚ್ಚಿದ್ದು. ನನಗ ತಿಳೀಲಿಲ್ಲ."

"ಈಗ ತಿಳೀತು," ಎಂದಳು ಭವಾನಿ. ಸಿಟ್ಟಿನ ದನಿಯಲ್ಲ, ಬಿಲ್ಲು ಕೊಟ್ಟು ಮುಂದಿನ ಗಿರಾಕಿಯನ್ನು ಕರೆಯುವ ದನಿ. ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು. ಆಮೇಲೆ ತಲೆ ಎತ್ತದೆಯೇ ಅಂದಳು: "ಒಂದ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನೀ ಬೈತಿದ್ದಿ, ಬಡೀತಿದ್ದಿ, ಆದ್ರ ನೀನೂ ನನ್ನಂಗ ಇದ್ದಿ. ಮಂದಿ ನಕ್ಕಾಗ ನಾವಿಬ್ಬರೂ ಇದ್ವಿ. ನಮ್ಮವ್ವನೂ ಹಿಂಗ ಅದಾಳ, ಪಾಪ, ಇಕೀನರ ಏನ್ ಮಾಡ್ಯಾಳು ಅಂತ ಅಂದ್ಕೊಂಡು ಸುಮ್ಮನಿರ್ತಿದ್ದೆ. ಈಗ ನೀ ದಾಟಿ ಹೋದಿ. ನಾ ಒಬ್ಬಾಕಿನ ಉಳದೆ."

ಶಿವದೇವಿಯ ಬಾಯಿಗೆ ಒಂದು ಮಾತು ಬಂದಿತ್ತು. ನೀನೂ ದಾಟಬಹುದಲ್ಲ, ನಾ ತೋರಿಸ್ತೀನಲ್ಲ ಎಂದು. ಒಳ್ಳೆಯ ಮಾತು, ನಿಜವಾದ ಮಾತು. ಅದನ್ನು ಆಡಿದರೆ ಮತ್ತೆ ಗದ್ದ ಹಿಡಿದು ಮುಖ ಎತ್ತಿದಂತೆ ಎಂಬುದು ಈ ಸಲ ಮೊದಲೇ ಕಂಡಿತು. ನುಂಗಿಕೊಂಡಳು. ಮಗಳು ಕೂತ ಬಗೆ, ಮೊಣಕೈ ಮಡಚಿದಲ್ಲಿ ಬಿದ್ದ ಗುಳಿ, ತುಂಬಿದ ಕೆನ್ನೆ, ಎಲ್ಲ ತನ್ನದೇ. ಇಷ್ಟು ವರ್ಷ ಇದನ್ನು ಕಣ್ತುಂಬ ನೋಡಿರಲಿಲ್ಲ, ನೋಡಿದಾಗಲೆಲ್ಲ ಎಷ್ಟು ಹೆಚ್ಚಾಗಿದೆ ಎಂದೇ ನೋಡಿದ್ದಳು.

"ಹೌದವ್ವಾ," ಎಂದಷ್ಟೇ ಅಂದಳು.

ನಿಶಾಂತ ಮೊಸರು ತಂದ. ಊಟದ ಹೊತ್ತಾಗಿತ್ತು. ಭವಾನಿ ಗಂಡನಿಗೆ ಅನ್ನ, ಸಾರು ಬಡಿಸಿದಳು. ತಾಯಿಯ ತಟ್ಟೆಗೆ ಮೆಂತ್ಯಪಲ್ಯ, ಎರಡು ಬೇಯಿಸಿದ ಮೊಟ್ಟೆ, ಮೊಸರು. ಅನ್ನ ಹಾಕಲಿಲ್ಲ, ಹಾಕಲೇ ಎಂದೂ ಕೇಳಲಿಲ್ಲ. ತಾಯಿ ಏನು ಬಿಟ್ಟಿದ್ದಾಳೆ, ಏನು ತಿನ್ನುತ್ತಾಳೆ ಎಂಬುದೆಲ್ಲ ಆಕೆಗೆ ಚೆನ್ನಾಗಿ ಗೊತ್ತಿತ್ತು. ತಾನು ಮಾತ್ರ ಕೂರಲಿಲ್ಲ. ನೀವು ಉಣ್ರಿ, ನಂದು ಇನ್ನಾ ಕೆಲಸೈತಿ ಎಂದು ಒಳಗೆ ಹೋದಳು.

ಶಿವದೇವಿ ಕೂತಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತಿತ್ತು. ಒಳಗೆ ಕಟ್ಟೆಯ ಮೇಲೆ ಒಂದು ತಟ್ಟೆ ಇತ್ತು. ಭವಾನಿ ಅದರ ಹತ್ತಿರ ನಿಂತಿದ್ದಳು, ಮುಟ್ಟುತ್ತಿರಲಿಲ್ಲ. ಬಾ, ನನ್ನ ಕೂಡ ಕೂಡು ಎಂದು ಕರೆಯಲು ಶಿವದೇವಿಯ ಜೀವ ತುಡಿಯಿತು. ಕರೆಯಲಿಲ್ಲ. ತನ್ನ ತಟ್ಟೆ ಎತ್ತಿಕೊಂಡು, ತಿರುಗಿ, ಗೋಡೆಯ ಕಡೆ ಮುಖ ಮಾಡಿ ಕೂತಳು.

"ಅಲ್ಲಿ ಫ್ಯಾನಿನ ಗಾಳಿ ಬರಾಂಗಿಲ್ರಿ ಅತ್ತಿ," ಎಂದ ನಿಶಾಂತ.

"ಇಲ್ಲೇ ಛಲೋ ಐತ್ರಿ," ಎಂದಳು.

ಬೆನ್ನ ಹಿಂದೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಪಾತ್ರೆಯ ಮುಚ್ಚಳ ಸರಿದ ಸಪ್ಪಳ. ಅನ್ನದ ಹುಟ್ಟು ಪಾತ್ರೆಗೆ ತಾಗಿತು. ತಟ್ಟೆಯಲ್ಲಿ ಬೆರಳಾಡುವ ಸಣ್ಣ ಸಪ್ಪಳ, ನಡುನಡುವೆ ನಿಂತು, ಮತ್ತೆ ಶುರುವಾಗಿ. ಹುಟ್ಟು ಇನ್ನೊಮ್ಮೆ ಪಾತ್ರೆಗೆ ತಾಗಿತು. ಶಿವದೇವಿ ತಿರುಗಿ ನೋಡಲಿಲ್ಲ. ಆಕೆಯ ಊಟ ಮುಗಿಯುತ್ತ ಬಂದಿತ್ತು. ತಾನು ಎದ್ದರೆ ಮಗಳು ಅರ್ಧಕ್ಕೇ ಬಿಟ್ಟಾಳೆಂದು, ತಟ್ಟೆಯಲ್ಲಿ ಉಳಿದ ಪಲ್ಯದ ಒಂದೊಂದೇ ಎಸಳನ್ನು ಬಾಯಿಗಿಡುತ್ತ ಗೋಡೆ ನೋಡುತ್ತ ಕೂತಳು.